ತಿಂಗಳ ಕೊನೆಗೂ ಕೈಯಲ್ಲಿ ಕಾಸಿರಲಿ: ಶಿವಮೊಗ್ಗದಲ್ಲಿ ಬಾಡಿಗೆಗಿರುವ ಯುವಜನರು ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಕಡೆಯ ಹಳ್ಳಿಯಿಂದ ಓದಲು ಶಿವಮೊಗ್ಗಕ್ಕೆ ಬಂದು, ಇಲ್ಲೇ ಕೆಲಸ ಹಿಡಿದು ಉಳಿದುಕೊಂಡವನು ನಾನು. ಊರ ಕಡೆಯಿಂದ ಹೊಸದಾಗಿ ಬರುವ ಹುಡುಗರು, ಹುಡುಗಿಯರು ರೂಮು ಹುಡುಕುವಾಗ, ಮೊದಲ ಸಂಬಳ ಬಂದಾಗ, ಇಪ್ಪತ್ತನೇ ತಾರೀಖಿಗೇ ಕೈ ಖಾಲಿಯಾದಾಗ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಇಷ್ಟು ವರ್ಷ ಕೇಳಿಸಿಕೊಂಡ ಮೇಲೆ ನನಗೆ ಕಂಡದ್ದೆಂದರೆ, ನಮ್ಮ ಕಡೆಯ ಮಕ್ಕಳು ದುಂದುಗಾರರಲ್ಲ. ಅವರ ಹಣ ಹೋಗುವುದು ದಾಕ್ಷಿಣ್ಯಕ್ಕೆ. ಕೇಳಲು ಸಂಕೋಚ, ಬೇಡವೆನ್ನಲು ಇನ್ನೂ ಸಂಕೋಚ. ಮುಂದಿನ ಉತ್ತರಗಳಲ್ಲಿ ಆ ಮಾತು ಮತ್ತೆ ಮತ್ತೆ ಬರುತ್ತದೆ.

## ಮನೆ ಹಿಡಿಯುವಾಗ

ಪಿಜಿಯಲ್ಲಿ ಇರುವುದು ಅಗ್ಗವೋ, ರೂಮು ಮಾಡಿ ಅಡುಗೆ ಮಾಡಿಕೊಳ್ಳುವುದು ಅಗ್ಗವೋ?

ಒಬ್ಬರೇ ಇದ್ದರೆ ಮೊದಲ ಆರು ತಿಂಗಳು ಪಿಜಿಯೇ ಸರಿ. ಬಾಡಿಗೆ ಮನೆಗೆ ಅಡ್ವಾನ್ಸ್ ಕೊಡಬೇಕು. ಒಲೆ, ಕುಕ್ಕರ್, ಹಾಸಿಗೆ, ಬಕೆಟ್ಟು, ಪಾತ್ರೆಗಳನ್ನೆಲ್ಲ ಒಂದೇ ವಾರದಲ್ಲಿ ಕೊಳ್ಳಬೇಕು. ಆ ಹಣಕ್ಕಾಗಿ ಸಾಲ ಮಾಡಿದರೆ ಅಡುಗೆಯಲ್ಲಿ ಉಳಿಸಿದ್ದು ಬಡ್ಡಿಗೆ ಹೋಗುತ್ತದೆ. ಪರಸ್ಪರ ಹೊಂದಿಕೊಳ್ಳುವ ಇಬ್ಬರು ಮೂವರು ಸಿಕ್ಕ ಮೇಲೆ ರೂಮಿನ ಲೆಕ್ಕ ಲಾಭಕ್ಕೆ ತಿರುಗುತ್ತದೆ. ಹೊಂದಿಕೆ ಎಂದರೆ ಸ್ನೇಹ ಮಾತ್ರವಲ್ಲ. ಎಲ್ಲರೂ ಒಂದೇ ರೀತಿಯ ಊಟ ಉಣ್ಣುವವರು, ಪಾತ್ರೆ ತೊಳೆಯುವವರು, ಐದನೇ ತಾರೀಖಿನೊಳಗೆ ತಮ್ಮ ಪಾಲು ಕೊಡುವವರು ಆಗಿರಬೇಕು.

ವಿದ್ಯಾರ್ಥಿಗಳಾಗಿದ್ದರೆ ಇವೆರಡಕ್ಕೂ ಮೊದಲು ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿಗೆ ಅರ್ಜಿ ಹಾಕಿ. ಹಿಂದುಳಿದ ವರ್ಗದವರಿಗೆ ಸೀಟು ಸಿಗದಿದ್ದರೆ ಊಟ ಮತ್ತು ವಸತಿಗೆಂದು ವಿದ್ಯಾಸಿರಿ ಸಹಾಯಧನವಿದೆ. ಸರ್ಕಾರಿ ಹಾಸ್ಟೆಲ್ ಎಂದು ಸ್ನೇಹಿತರೆದುರು ಹೇಳಿಕೊಳ್ಳಲು ನಾಚಿ, ಮನೆಯವರಿಂದ ಪಿಜಿ ಹಣ ತರಿಸಿಕೊಂಡವರನ್ನು ನೋಡಿದ್ದೇನೆ. ಆ ಹಣದ ಹಿಂದೆ ಮನೆಯಲ್ಲಿ ಒಬ್ಬರು ಬಿಸಿಲು ಮಳೆಯೆನ್ನದೆ ದುಡಿಯುತ್ತಿರುತ್ತಾರೆ.

ಮನೆ ನೋಡುವಾಗ ಏನನ್ನು ಗಮನಿಸಬೇಕು? ಬಿಡುವಾಗ ಅಡ್ವಾನ್ಸ್ ಪೂರ್ತಿ ಕೊಡುವುದೇ ಇಲ್ಲವಲ್ಲ?

ನಮ್ಮ ಊರಿನಲ್ಲಿ ಮನೆಯನ್ನು ಮಳೆಗಾಲದ ಕಣ್ಣಿನಿಂದ ನೋಡಬೇಕು. ಏಪ್ರಿಲ್‌ನಲ್ಲಿ ಎಲ್ಲ ಗೋಡೆಯೂ ಚೆನ್ನಾಗಿಯೇ ಕಾಣುತ್ತದೆ. ಚಾವಣಿಯ ಮೂಲೆ, ಕಿಟಕಿಯ ಕೆಳಭಾಗ, ಬಚ್ಚಲಿಗೆ ತಾಗಿದ ಗೋಡೆ, ಬೀರು ಇಟ್ಟಿದ್ದ ಜಾಗದ ಹಿಂದೆ ನೋಡಿ. ಹೊಸ ಬಣ್ಣದ ಅಡಿಯಲ್ಲಿ ಉಬ್ಬಿದ ಸಿಮೆಂಟು ಕೈಗೆ ತಿಳಿಯುತ್ತದೆ. ತೇವದ ಮನೆ ಹಿಡಿದರೆ ಜುಲೈ ಹೊತ್ತಿಗೆ ಬಟ್ಟೆ, ಪುಸ್ತಕ, ಚರ್ಮದ ಬೆಲ್ಟಿಗೆಲ್ಲ ಬೂಷ್ಟು ಹಿಡಿಯುತ್ತದೆ, ಕೆಮ್ಮಿನ ಔಷಧಿಯ ಖರ್ಚು ಬೇರೆ. ತುಂಗೆಯ ದಂಡೆಗೋ ನಾಲೆಗೋ ಹತ್ತಿರದ ತಗ್ಗು ಜಾಗವಾದರೆ, ಮಳೆ ಜೋರಾದಾಗ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಅಕ್ಕಪಕ್ಕದವರನ್ನು ವಿಚಾರಿಸಿ.

ಅಡ್ವಾನ್ಸ್ ವಿಷಯದಲ್ಲಿ ಜಗಳ ಬರುವುದು ಗೋಡೆಯ ಕಲೆ ಮತ್ತು ಬಣ್ಣದ ಖರ್ಚಿನಿಂದ. ಕೀಲಿಕೈ ಪಡೆದ ದಿನವೇ, ಒಂದು ಸಾಮಾನನ್ನೂ ಒಳಗಿಡುವ ಮೊದಲು, ಪ್ರತಿ ಗೋಡೆ, ನಲ್ಲಿ, ಸ್ವಿಚ್ಚಿನ ಫೋಟೊ ತೆಗೆದು ಮನೆಯ ಯಜಮಾನರಿಗೆ ವಾಟ್ಸಾಪಿನಲ್ಲಿ ಕಳುಹಿಸಿ. "ಅಂಕಲ್, ಮನೆ ಹೀಗಿದೆ, ನೆನಪಿಗಾಗಿ ಕಳುಹಿಸಿದ್ದೇನೆ" ಎಂದರೆ ಯಾರಿಗೂ ನೋವಾಗುವುದಿಲ್ಲ. ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿದುಕೊಳ್ಳುತ್ತಾರೆ ಎನ್ನುವುದನ್ನು ಕರಾರಿನಲ್ಲೇ ಬರೆಸಿ. ಕರಾರು ಸಾಮಾನ್ಯವಾಗಿ 11 ತಿಂಗಳದ್ದಾಗಿರುತ್ತದೆ, ಏಕೆಂದರೆ ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಗೆ ನೋಂದಣಿ ಕಡ್ಡಾಯ. ನನ್ನ ಎರಡನೇ ಮನೆಯಲ್ಲಿ ನಾನು ಇದೊಂದನ್ನೂ ಮಾಡಿರಲಿಲ್ಲ. ಮೊದಲೇ ಇದ್ದ ಸೋರಿಕೆಯ ಕಲೆಗೆ ಒಂದು ತಿಂಗಳ ಬಾಡಿಗೆಯಷ್ಟು ಹಣ ಕಳೆದುಕೊಂಡೆ. ಹಿರಿಯರ ಎದುರು ಮಾತು ಬೆಳೆಸುವುದು ಹೇಗೆ ಎಂದು ಸುಮ್ಮನೆ ಬಂದೆ.

ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆಯೇ?

ಸಿಗುತ್ತದೆ. ಆಧಾರ್, ಮೆಸ್ಕಾಂ ಬಿಲ್ಲಿನಲ್ಲಿರುವ ಗ್ರಾಹಕ ಸಂಖ್ಯೆ ಮತ್ತು ಬಾಡಿಗೆ ಕರಾರು ಇಟ್ಟುಕೊಂಡು ಸೇವಾಸಿಂಧುವಿನಲ್ಲಿ ನೋಂದಾಯಿಸಬೇಕು. ಹಿಂದಿನ ಬಾಡಿಗೆದಾರರ ಹೆಸರು ಅದೇ ಮೀಟರಿಗೆ ಜೋಡಣೆಯಾಗಿದ್ದರೆ ಅಥವಾ ನಿಮ್ಮ ಹೆಸರು ಹಳೆಯ ಮನೆಗೆ ಅಂಟಿಕೊಂಡಿದ್ದರೆ, ಮೊದಲು ಆ ಜೋಡಣೆಯನ್ನು ತೆಗೆಸಬೇಕು. ಹಲವರು ತಪ್ಪು ತಿಳಿದಿರುವ ಒಂದು ಸಂಗತಿಯಿದೆ. ಎಲ್ಲ ಮನೆಗೂ 200 ಯೂನಿಟ್ ಉಚಿತವಲ್ಲ. ಆ ಮೀಟರಿನ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಮಿತಿ ನಿಗದಿಯಾಗುತ್ತದೆ. ಆ ಮಿತಿ ಮೀರಿದರೆ ಹೆಚ್ಚುವರಿ ಯೂನಿಟ್‌ಗೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ.

ಮಳೆಗಾಲದಲ್ಲಿ ಫ್ಯಾನೂ ಹಾಕುವುದಿಲ್ಲ, ಆದರೂ ಕರೆಂಟ್ ಬಿಲ್ ಏಕೆ ಏರುತ್ತದೆ?

ಸ್ನಾನದ ನೀರಿನಿಂದ. ಜೂನ್‌ನಿಂದ ಆಗಸ್ಟ್‌ವರೆಗೆ ಮಹಡಿಯ ಸೋಲಾರ್ ಇದ್ದೂ ಇಲ್ಲದಂತೆ, ಎಲ್ಲರೂ ಗೀಸರಿಗೆ ತಿರುಗುತ್ತಾರೆ. 2000 ವಾಟ್‌ನ ಗೀಸರ್ ಒಂದು ಗಂಟೆ ಕಾಯಿಸಿದರೆ 2 ಯೂನಿಟ್. 15 ಲೀಟರ್ ನೀರನ್ನು 22 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಬೇಕಾಗುವುದು ಮುಕ್ಕಾಲು ಯೂನಿಟ್‌ಗೂ ಕಡಿಮೆ, ಅಂದರೆ 20 ನಿಮಿಷ. ಉಳಿದದ್ದು ಮರೆತು ಹೋದದ್ದಕ್ಕೆ ಕಟ್ಟುವ ದಂಡ. ಮೂವರಿದ್ದರೆ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ ಆರಿಸಿ. ಬಕೆಟ್ಟಿಗೆ ಕಾಯಿಲ್ ಹಾಕುವವರು ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು. ಇದು ದುಡ್ಡಿನ ಮಾತಲ್ಲ, ಜೀವದ ಮಾತು.

ಒದ್ದೆ ಬಟ್ಟೆಯನ್ನು ಇಸ್ತ್ರಿಯಲ್ಲಿ ಒಣಗಿಸುವ ಅಭ್ಯಾಸವನ್ನೂ ಬಿಡಿ. ಊರಿನಲ್ಲಿ ಒಲೆಯ ಮೇಲಿನ ಹಗ್ಗ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಫ್ಯಾನ್ ಮಾಡುತ್ತದೆ. 75 ವಾಟ್‌ನ ಫ್ಯಾನ್ ಎಂಟು ಗಂಟೆ ತಿರುಗಿದರೂ 0.6 ಯೂನಿಟ್, 1000 ವಾಟ್‌ನ ಇಸ್ತ್ರಿಪೆಟ್ಟಿಗೆ ಒಂದೇ ಗಂಟೆಗೆ 1 ಯೂನಿಟ್ ನುಂಗುತ್ತದೆ.

## ಊಟ, ತಿಂಡಿ

ನನಗೆ ಅಡುಗೆ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಅನ್ನ ಮತ್ತು ತಂಬುಳಿಯಿಂದ. ವಿಡಿಯೊಗಳಲ್ಲಿ ತೋರಿಸುವ ಪನೀರು, ಗೋಡಂಬಿಯ ಅಡುಗೆಗಳಿಂದ ಶುರು ಮಾಡಿದವರು ಎರಡನೇ ವಾರಕ್ಕೆ ಹೋಟೆಲಿಗೆ ಮರಳುತ್ತಾರೆ. ತಂಬುಳಿಗೆ ಬೇಕಾದದ್ದು ಒಂದು ಹಿಡಿ ಸೊಪ್ಪು, ಸ್ವಲ್ಪ ತೆಂಗಿನಕಾಯಿ, ಜೀರಿಗೆ, ಕಾಳುಮೆಣಸು, ಮಜ್ಜಿಗೆ. ದೊಡ್ಡಪತ್ರೆಯಾದರೆ ಎಲೆಗಳನ್ನು ತುಪ್ಪದಲ್ಲಿ ಬಾಡಿಸಿ, ಕಾಯಿ ಜೀರಿಗೆಯೊಂದಿಗೆ ರುಬ್ಬಿ, ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿದರೆ ಮುಗಿಯಿತು. ಕುದಿಸುವ ಹಾಗಿಲ್ಲ, ಗ್ಯಾಸೂ ಉಳಿಯುತ್ತದೆ. ದೊಡ್ಡಪತ್ರೆಯ ಒಂದು ಕಡ್ಡಿಯನ್ನು ಊರಿನಿಂದ ತಂದು ಒಡೆದ ಬಕೆಟ್ಟಿನಲ್ಲಿ ನೆಟ್ಟರೂ ಬೆಳೆಯುತ್ತದೆ. ಒಂದೆಲಗವೂ ಹಾಗೆಯೇ, ನೀರು ಹರಿಯುವ ಜಾಗವೊಂದಿದ್ದರೆ ಸಾಕು.

ಎರಡನೆಯದು ಹುರುಳಿ. ರಾತ್ರಿ ನೆನೆಸಿ ಬೆಳಿಗ್ಗೆ ಬೇಯಿಸಿದರೆ ಕಟ್ಟಿನಿಂದ ಸಾರು, ಕಾಳಿನಿಂದ ಪಲ್ಯ. ಒಂದೇ ಕುಕ್ಕರಿನಲ್ಲಿ ಎರಡು ಹೊತ್ತಿನ ಊಟ ಆಗುತ್ತದೆ. ಮೂರನೆಯದು ಅಕ್ಕಿರೊಟ್ಟಿ. ಇದನ್ನು ಅಮ್ಮನಿಂದ ಕಲಿಯಿರಿ, ಬರವಣಿಗೆಯಲ್ಲಿ ಹಿಟ್ಟಿನ ಹದ ಹೇಳುವುದು ನನ್ನಿಂದಾಗದು.

ಮೂರು ದಿನಕ್ಕೆ ತರಕಾರಿ ಕೊಳೆಯುತ್ತದೆ, ಫ್ರಿಜ್ ಇಲ್ಲ. ಏನು ಮಾಡುವುದು?

ಫ್ರಿಜ್ಜಿಲ್ಲದ ಮನೆಗಳಲ್ಲಿ ನಮ್ಮ ಅಜ್ಜಿಯರು ಮಳೆಗಾಲ ಕಳೆದದ್ದು ಹೇಗೆ ಎಂದು ನೆನಪಿಸಿಕೊಳ್ಳಿ. ಬಣ್ಣದ ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟಕ್ಕೆ ತೂಗುಹಾಕುತ್ತಿದ್ದರು, ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. ಸಿಹಿಗುಂಬಳವನ್ನೂ ಇಡಿಯಾಗಿ ಹಾಗೇ ಇಡಬಹುದು. ಬಾಳೆಕಾಯಿ, ಸುವರ್ಣಗಡ್ಡೆ, ಕೆಸುವಿನ ಗಡ್ಡೆ ಬೇಗ ಹಾಳಾಗುವುದಿಲ್ಲ. ಟೊಮೆಟೊ, ಸೊಪ್ಪು, ಬೀನ್ಸ್ ಮಾತ್ರ ಎರಡು ದಿನಕ್ಕಾಗುವಷ್ಟು ತನ್ನಿ. ಕಾಲು ಕೆಜಿ ಕೇಳಲು ನಾಚಿ ಒಂದು ಕೆಜಿ ತರುವವರಿದ್ದಾರೆ. ಅಂಗಡಿಯವರು ಕಾಲು ಕೆಜಿಯನ್ನೂ ತೂಗಿಕೊಡುತ್ತಾರೆ.

ಊರಿಗೆ ಹೋದಾಗ ಅಮ್ಮ ಕಟ್ಟಿಕೊಡುವ ಚೀಲವನ್ನು ಭಾರವೆಂದು ಬಿಟ್ಟು ಬರಬೇಡಿ. ಎರಡು ತೆಂಗಿನಕಾಯಿ, ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಒಂದು ಸೇರು ಕುಚ್ಚಲಕ್ಕಿ ಆ ಚೀಲದಲ್ಲಿದ್ದರೆ ವಾರದ ಖರ್ಚೇ ಬೇರೆ. ಬದಲಿಗೆ ಖಾಲಿ ಡಬ್ಬಿಗಳನ್ನು ತೊಳೆದು ಹಿಂದಿರುಗಿಸಿ. ಕೊಟ್ಟ ಕೈಗೆ ಅದು ಸಂತೋಷ.

ಗ್ಯಾಸ್ ಸಂಪರ್ಕ ಪಡೆಯಲು ಇಲ್ಲಿನ ವಿಳಾಸದ ದಾಖಲೆ ಇಲ್ಲ.

5 ಕೆಜಿಯ ಸಣ್ಣ ಸಿಲಿಂಡರ್ ಕೊಳ್ಳಲು ವಿಳಾಸದ ಪುರಾವೆ ಬೇಡ, ಗುರುತಿನ ಚೀಟಿ ಸಾಕು. ಕೆಜಿ ಲೆಕ್ಕದಲ್ಲಿ ಇದು 14.2 ಕೆಜಿಯ ಮನೆಬಳಕೆಯ ಸಿಲಿಂಡರಿಗಿಂತ ದುಬಾರಿ. ಹಾಗಾಗಿ ಬಾಡಿಗೆ ಕರಾರು ಕೈಗೆ ಬಂದ ಕೂಡಲೇ ಮಾಮೂಲಿ ಸಂಪರ್ಕಕ್ಕೆ ಅರ್ಜಿ ಹಾಕಿ.

ಅಡುಗೆ ಮಾಡಲು ಹೊತ್ತೇ ಇಲ್ಲದ ದಿನ?

ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಸಿಗುತ್ತದೆ. ಅಲ್ಲಿ ನಿಂತು ಉಣ್ಣುವುದನ್ನು ಯಾರಾದರೂ ನೋಡಿಯಾರು ಎಂದು ಅಂಜಬೇಡಿ. ನಿಮ್ಮ ಪಕ್ಕದಲ್ಲಿ ನಿಲ್ಲುವವರು ದುಡಿದು ಹಸಿದು ಬಂದವರು.

ದಿನವೂ ಹೊರಗೆ ಚಹಾ ಕುಡಿಯುವುದನ್ನು ಬಿಡಬೇಕೇ?

ಬೇಡ. ಉಳಿತಾಯದ ಪಾಠ ಹೇಳುವವರೆಲ್ಲ ಮೊದಲು ಕೈ ಹಾಕುವುದು ಚಹಾದ ಲೋಟಕ್ಕೆ, ನಾನು ಅದನ್ನು ಒಪ್ಪುವುದಿಲ್ಲ. ಹೊಸ ಊರಿನಲ್ಲಿ ಕೆಲಸದ ಸುದ್ದಿ, ಖಾಲಿ ಮನೆಯ ಸುದ್ದಿ, ಕಷ್ಟಕ್ಕೆ ಆಗುವ ಜನ ಎಲ್ಲವೂ ಸಿಗುವುದು ಆ ಕಟ್ಟೆಯ ಮೇಲೆಯೇ. ಒಂದು ಚಹಾ ಇರಲಿ. ಅದರ ಜೊತೆ ಹಸಿವಿಲ್ಲದೆ ತಿನ್ನುವ ಬಜ್ಜಿ, ಎಲ್ಲರ ಬಿಲ್ಲನ್ನೂ ದಿನಾ ನೀವೇ ಕೊಡುವ ದಾಕ್ಷಿಣ್ಯ, ಇವೆರಡನ್ನು ಬಿಡಿ. ದಿನಕ್ಕೆ 60 ರೂಪಾಯಿಯಂತೆ 26 ದಿನಕ್ಕೆ 1,560 ರೂಪಾಯಿ ಆಗುತ್ತದೆ.

## ಓಡಾಟ, ಮೊಬೈಲ್, ರಜೆ

ಪ್ರತಿ ಶನಿವಾರ ಊರಿಗೆ ಹೋಗುತ್ತೇನೆ. ಬಸ್ಸಿಗೇ ಬಹಳ ಖರ್ಚಾಗುತ್ತದೆ.

ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಿದೆ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಉಚಿತ, ಐಷಾರಾಮಿ ಬಸ್ಸುಗಳಲ್ಲಿ ಇಲ್ಲ. ನಮ್ಮ ತೊಡಕು ಎಂದರೆ ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು, ಅಲ್ಲಿ ಶಕ್ತಿ ನಡೆಯುವುದಿಲ್ಲ. ಆದ್ದರಿಂದ ತಾಲ್ಲೂಕು ಕೇಂದ್ರದವರೆಗೆ ಸರ್ಕಾರಿ ಬಸ್ಸಿನ ವೇಳೆ ನೋಡಿಕೊಂಡು, ಅಲ್ಲಿಂದ ಊರಿಗೆ ಮಾತ್ರ ಖಾಸಗಿ ಬಸ್ಸು ಹಿಡಿಯುವುದು ಜಾಣತನ. ಹದಿನೈದು ನಿಮಿಷ ಕಾದರೆ ತಿಂಗಳಿಗೆ ಕೆಲವು ನೂರು ರೂಪಾಯಿ ಉಳಿಯುತ್ತದೆ.

ರೈಲು ಮಾರ್ಗದ ಊರಿನವರು, ಉದಾಹರಣೆಗೆ ಸಾಗರ, ತಾಳಗುಪ್ಪ, ಭದ್ರಾವತಿ ಕಡೆಯವರು, ರೈಲಿನ ವೇಳಾಪಟ್ಟಿಯನ್ನು ಬಾಯಿಪಾಠ ಮಾಡಿಕೊಳ್ಳಿ, ಬಸ್ಸಿಗಿಂತ ಬಹಳ ಅಗ್ಗ. ವಿದ್ಯಾರ್ಥಿಗಳು ರಜೆಯಲ್ಲಿ ಸ್ವಂತ ಊರಿಗೆ ಹೋಗಿಬರಲು ರೈಲ್ವೆಯ ರಿಯಾಯಿತಿ ಇದೆ. ಕಾಲೇಜಿನ ಕಚೇರಿಯಲ್ಲಿ ಪ್ರಮಾಣಪತ್ರ ಪಡೆಯಬೇಕು. ಕೇಳದವರಿಗೆ ಅದು ಸಿಗುವುದಿಲ್ಲ, ಆದ್ದರಿಂದ ಕೇಳಿ.

ವರ್ಷಕ್ಕೆ ಹನ್ನೆರಡು ಬಾರಿ ರೀಚಾರ್ಜ್ ಮಾಡಬೇಕಲ್ಲವೇ? ನನಗೆ ಹದಿಮೂರು ಆಗುತ್ತಿದೆ.

28 ದಿನದ ಪ್ಲಾನ್ ಆದರೆ ಹದಿಮೂರೇ. 365 ದಿನವನ್ನು 28ರಿಂದ ಭಾಗಿಸಿ ನೋಡಿ. ಪ್ರತಿ ಕಂಪನಿಯೂ 30 ದಿನದ ಪ್ಲಾನ್ ಒಂದನ್ನಾದರೂ ಕೊಡಬೇಕೆಂದು 2022ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಆದೇಶಿಸಿದೆ, ದಿನದ ಲೆಕ್ಕದಲ್ಲಿ ಎರಡನ್ನೂ ಹೋಲಿಸಿ. ರೂಮಿನಲ್ಲಿ ಮೂವರು ಸೇರಿ ವೈಫೈ ಹಾಕಿಸಿಕೊಂಡಿದ್ದರೆ ದೊಡ್ಡ ಡೇಟಾ ಪ್ಯಾಕ್ ಯಾರಿಗೂ ಬೇಡ.

ರಜಾ ದಿನ ಮಾಲ್, ಸಿನಿಮಾ ಎಂದು ಸಾವಿರ ರೂಪಾಯಿ ಹೋಗುತ್ತದೆ. ಬೇರೆ ಎಲ್ಲಿಗೆ ಹೋಗುವುದು?

ತೀರ್ಥಹಳ್ಳಿ ಬಸ್ಸು ಹತ್ತಿ. ಗಾಜನೂರು ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ, ಸುಮಾರು 30 ಕಿಲೋಮೀಟರ್ ದೂರದ ಮಂಡಗದ್ದೆ, ಮೂರೂ ಒಂದೇ ರಸ್ತೆಯಲ್ಲಿವೆ. ಮಳೆಗಾಲದಲ್ಲಿ ಮಂಡಗದ್ದೆಯ ನಡುಗಡ್ಡೆಯ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ. ರಸ್ತೆಯ ಪಕ್ಕದಿಂದಲೇ ಕಾಣುವ ಆ ನೋಟಕ್ಕೆ ಬಸ್ ಖರ್ಚು ಬಿಟ್ಟರೆ ಬೇರೇನೂ ಬೇಡ. ಇನ್ನೊಂದು ದಿಕ್ಕಿನಲ್ಲಿ ಕೂಡಲಿ ಇದೆ. ತುಂಗೆ ಭದ್ರೆಯರು ಸೇರುವ ಜಾಗದಲ್ಲಿ ಸಂಜೆಯವರೆಗೆ ಕುಳಿತು ಬನ್ನಿ. ಬುತ್ತಿ ಕಟ್ಟಿಕೊಂಡು ಹೋಗಿ.

## ಸಾಲ, ಚೀಟಿ, ಉಳಿತಾಯ

ಅಪ್ಪ ಅಡಿಕೆ ಮಾರಿದಾಗ ಒಮ್ಮೆಲೇ ಹಣ ಹಾಕುತ್ತಾರೆ. ಮೂರು ತಿಂಗಳಲ್ಲಿ ಮುಗಿದುಹೋಗುತ್ತದೆ.

ಇದು ಮಲೆನಾಡಿನ ಮಕ್ಕಳದ್ದೇ ಪ್ರಶ್ನೆ. ಸಂಬಳದ ಮನೆಗಳಲ್ಲಿ ಹಣ ತಿಂಗಳು ತಿಂಗಳು ಬರುತ್ತದೆ, ನಮ್ಮಲ್ಲಿ ಕೊಯ್ಲು ಮುಗಿದು ಮಂಡಿಗೆ ಅಡಿಕೆ ಹೋದ ಮೇಲೆ ಬರುತ್ತದೆ. ಖಾತೆಯಲ್ಲಿ ದೊಡ್ಡ ಮೊತ್ತ ಕಂಡಾಗ ಎಲ್ಲವೂ ಕೈಗೆಟುಕಿದಂತೆ ಅನ್ನಿಸುತ್ತದೆ. ಅದಕ್ಕೆ ಮದ್ದು ಎರಡು ಖಾತೆ. ಬಂದ ಹಣ ಒಂದು ಖಾತೆಯಲ್ಲಿರಲಿ. ಅದಕ್ಕೆ ಯುಪಿಐ ಜೋಡಿಸಬೇಡಿ, ಕಾರ್ಡನ್ನು ಊರಿನಲ್ಲೇ ಬಿಟ್ಟು ಬನ್ನಿ. ಪ್ರತಿ ತಿಂಗಳ 1ನೇ ತಾರೀಖಿಗೆ ನಿಗದಿತ ಮೊತ್ತ ತಾನಾಗಿಯೇ ಎರಡನೇ ಖಾತೆಗೆ ಬರುವಂತೆ ಬ್ಯಾಂಕಿನಲ್ಲಿ ಬರೆದುಕೊಡಿ. ಖರ್ಚು ಎರಡನೆಯದರಿಂದ ಮಾತ್ರ.

ಮೊತ್ತವನ್ನು ಹನ್ನೆರಡರಿಂದ ಭಾಗಿಸಬೇಡಿ, ಹದಿನಾಲ್ಕರಿಂದ ಭಾಗಿಸಿ. ಕೊಳೆರೋಗ ಬಂದ ವರ್ಷ, ಎಲೆಚುಕ್ಕಿ ಹಬ್ಬಿದ ವರ್ಷ, ಧಾರಣೆ ಕುಸಿದ ವರ್ಷ ಮುಂದಿನ ಹಣ ತಡವಾಗುತ್ತದೆ. ಆ ಎರಡು ತಿಂಗಳ ಪಾಲು ಇದ್ದರೆ ಅಪ್ಪನಿಗೆ ಫೋನ್ ಮಾಡುವ ಮೊದಲು ನಿಮಗೂ ಉಸಿರಾಡಲು ಹೊತ್ತಿರುತ್ತದೆ, ಅವರಿಗೂ ಒಳ್ಳೆಯ ಧಾರಣೆಗೆ ಕಾಯಲು ಅವಕಾಶ ಸಿಗುತ್ತದೆ.

ಕ್ರೆಡಿಟ್ ಕಾರ್ಡಿನಲ್ಲಿ ಕನಿಷ್ಠ ಮೊತ್ತ ಕಟ್ಟಿದರೆ ಸಾಕಲ್ಲವೇ?

ಸಾಲದು. ಒಂದು ಲೆಕ್ಕ ನೋಡಿ. 10,000 ರೂಪಾಯಿ ಬಾಕಿ, ತಿಂಗಳಿಗೆ ಶೇ 3.5 ಬಡ್ಡಿ ಎಂದರೆ 350 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ 63 ರೂಪಾಯಿ. ನೀವು ಕನಿಷ್ಠವೆಂದು 500 ಕಟ್ಟಿದರೆ ಅಸಲಿಗೆ ಸೇರುವುದು 87 ರೂಪಾಯಿ ಮಾತ್ರ. ಪೂರ್ತಿ ಕಟ್ಟಲಾಗದವರು ಕಾರ್ಡ್ ಇಟ್ಟುಕೊಳ್ಳದಿರುವುದೇ ಲೇಸು.

ಸ್ನೇಹಿತರು ಸಾಲ ಕೇಳಿದಾಗ, ಮದುವೆಗಳಿಗೆ ಮುಯ್ಯಿ ಮಾಡುವಾಗ ಇಲ್ಲ ಎನ್ನಲು ಆಗುವುದಿಲ್ಲ.

ಇಲ್ಲ ಎನ್ನಬೇಡಿ, ಅಳತೆ ಹಾಕಿಕೊಳ್ಳಿ. ತಿರುಗಿ ಬಾರದಿದ್ದರೂ ಸ್ನೇಹ ಕೆಡದಷ್ಟು ಮೊತ್ತ ಯಾವುದು ಎಂದು ಮೊದಲೇ ನಿರ್ಧರಿಸಿ, "ನನ್ನ ಕೈಲಾಗುವುದು ಇಷ್ಟು" ಎಂದು ಅಷ್ಟನ್ನೇ ಕೊಡಿ. ಏಪ್ರಿಲ್, ಮೇ ತಿಂಗಳಲ್ಲಿ ಮದುವೆಗಳು ಸಾಲಾಗಿ ಬರುತ್ತವೆ. ಜನವರಿಯಿಂದಲೇ ಪ್ರತಿ ತಿಂಗಳು ಸ್ವಲ್ಪ ಎತ್ತಿಡಿ. ಮದುವೆ ಮನೆಯಲ್ಲಿ ಹಿಂದಿನ ದಿನವೇ ಹೋಗಿ ಬಡಿಸುವ ಕೆಲಸಕ್ಕೆ ನಿಂತವರನ್ನು ಯಾರೂ ಲಕೋಟೆಯ ತೂಕದಿಂದ ಅಳೆಯುವುದಿಲ್ಲ.

ಪರಿಚಯದವರು ಚೀಟಿ ನಡೆಸುತ್ತಾರೆ, ಸೇರಬಹುದೇ?

ನೋಂದಣಿಯಾಗದ ಚೀಟಿಗೆ ಸೇರಬೇಡಿ. ಕೆಲಸ ಸಿಕ್ಕ ಮೊದಲ ವರ್ಷ ನಾನು ತಿಂಗಳಿಗೆ 2,000 ರೂಪಾಯಿಯಂತೆ ಹನ್ನೊಂದು ಕಂತು ಕಟ್ಟಿದೆ. ನಡೆಸುತ್ತಿದ್ದವರು ಹನ್ನೆರಡನೇ ತಿಂಗಳು ಊರು ಬಿಟ್ಟರು. ಚೀಟಿಯ ಸಂಖ್ಯೆ, ರಸೀದಿ ಏನೂ ಇರಲಿಲ್ಲ. ಗುರುತಿನವರ ಬಳಿ ರಸೀದಿ ಕೇಳುವುದು ಅವಮಾನವೆಂದು ತಿಳಿದಿದ್ದೆ. ಇಂದಿಗೂ ಆ ಹಣದ ನೋವಿಗಿಂತ ಕೇಳದೆ ಇದ್ದ ನೋವೇ ದೊಡ್ಡದು.

1982ರ ಚಿಟ್ ಫಂಡ್ ಕಾಯ್ದೆಯಂತೆ ಚೀಟಿ ನಡೆಸಲು ಮೊದಲೇ ಅನುಮತಿ, ನೋಂದಣಿ ಬೇಕು. ನಡೆಸುವವರ ಕಮಿಷನ್ ಶೇ 7 ಮೀರುವಂತಿಲ್ಲ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಸಂಸ್ಥೆಯೂ ಚೀಟಿ ನಡೆಸುತ್ತದೆ.

ಸಹಕಾರ ಸಂಘದಲ್ಲಿ ಬಡ್ಡಿ ಹೆಚ್ಚು, ಪಿಗ್ಮಿಯವರೂ ಬಾಗಿಲಿಗೇ ಬರುತ್ತಾರೆ. ಹಾಕಬಹುದೇ?

ಮೊದಲು ಅದು ಬ್ಯಾಂಕೋ ಸಂಘವೋ ಎಂದು ತಿಳಿದುಕೊಳ್ಳಿ. ವಾಣಿಜ್ಯ ಬ್ಯಾಂಕು, ಸಹಕಾರಿ ಬ್ಯಾಂಕುಗಳ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆಯಿದೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳ ಠೇವಣಿಗೆ ಆ ವಿಮೆ ಇಲ್ಲ. ಅರ್ಧ ಶೇಕಡಾ ಹೆಚ್ಚು ಬಡ್ಡಿಗೆ ಎಲ್ಲ ಹಣವನ್ನೂ ಅಲ್ಲಿಡುವುದು ಸರಿಯಲ್ಲ.

ಪಿಗ್ಮಿಯ ಮೇಲೆ ನನಗೆ ಗೌರವವಿದೆ. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಿನಲ್ಲೇ ಸಂಗ್ರಹಿಸುವ ಈ ಪದ್ಧತಿ ಆರಂಭಿಸಿದರು. ದಿನಗೂಲಿಯವರಿಗೆ, ಅಂಗಡಿ ಇಟ್ಟವರಿಗೆ ಇಂದಿಗೂ ಒಳ್ಳೆಯದು. ತಿಂಗಳ ಸಂಬಳ ಬರುವವರಿಗೆ ಮಾತ್ರ ಅಂಚೆ ಕಚೇರಿಯಲ್ಲಿ ತಿಂಗಳು ತಿಂಗಳು ಕಟ್ಟುವ ಠೇವಣಿಯಾದ ಆರ್‌ಡಿ ಮೇಲು. ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು, ಐದು ವರ್ಷದ ಅವಧಿ.

ಕೆಲಸ ಬದಲಿಸುವಾಗ ಪಿಎಫ್ ತೆಗೆದುಬಿಡಲೇ?

ತೆಗೆಯಬೇಡಿ, ಹೊಸ ಕೆಲಸಕ್ಕೆ ವರ್ಗಾಯಿಸಿ. ಒಟ್ಟು ಐದು ವರ್ಷದ ಸೇವೆಗೆ ಮೊದಲು ತೆಗೆದರೆ ಅದಕ್ಕೆ ಆದಾಯ ತೆರಿಗೆಯೂ ಬೀಳಬಹುದು.

ಮನೆಗೂ ಹಣ ಕಳುಹಿಸಬೇಕು. ಉಳಿಸುವುದು ಯಾವಾಗ?

ಕಳುಹಿಸುವ ಮೊತ್ತವನ್ನು ಮನೆಯವರೊಂದಿಗೆ ಕುಳಿತು ಮಾತನಾಡಿ ನಿಗದಿ ಮಾಡಿ. ಸಂಬಳ ಎಷ್ಟು, ಬಾಡಿಗೆ ಎಷ್ಟು ಎಂದು ಅಪ್ಪ ಅಮ್ಮನಿಗೆ ಬಿಡಿಸಿ ಹೇಳಿದವರು ಕಡಿಮೆ. ಹೇಳದಿದ್ದರೆ ನಗರದಲ್ಲಿ ದುಡಿಯುವ ಮಗ ಮಗಳ ಕೈಯಲ್ಲಿ ಹಣ ಧಾರಾಳವಾಗಿದೆ ಎಂದೇ ಅವರು ತಿಳಿದಿರುತ್ತಾರೆ. ಹೇಳಿದ ಮೇಲೆ "ಈ ತಿಂಗಳು ಬೇಡ, ನೀನು ಇಟ್ಟುಕೋ" ಎಂದು ಅವರೇ ಹೇಳುವುದನ್ನು ಹಲವು ಮನೆಗಳಲ್ಲಿ ಕಂಡಿದ್ದೇನೆ.

ಹಣ ಕಳುಹಿಸುವುದರ ಜೊತೆಗೆ ಇನ್ನೊಂದು ಕೆಲಸ ಮಾಡಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದೊಳಗಿನ, ಬ್ಯಾಂಕ್ ಖಾತೆಯಿರುವ ಯಾರೂ ಸೇರಬಹುದು. ಅಪಘಾತದಲ್ಲಿ ಸಾವು ಸಂಭವಿಸಿದರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ ಸಿಗುತ್ತದೆ. ತೋಟದಲ್ಲಿ ಮರ ಹತ್ತುವವರು, ಮಳೆಯಲ್ಲಿ ಜಾರುವ ಸಂಕ ದಾಟುವವರು ಇರುವ ಮನೆಗೆ ಇದು ಬೇಕು. ಅದರ ವರ್ಷ ಜೂನ್ 1ಕ್ಕೆ ಶುರುವಾಗುತ್ತದೆ. ಮೇ ತಿಂಗಳಲ್ಲಿ ಮದುವೆಗೆಂದು ಊರಿಗೆ ಹೋದಾಗ ಅಪ್ಪನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಅರ್ಜಿ ತುಂಬಿಸಿ, ಖಾತೆಯಲ್ಲಿ ಅಷ್ಟು ಹಣವಿದೆಯೇ ನೋಡಿ, ನಾಮಿನಿಯ ಜಾಗದಲ್ಲಿ ಅಮ್ಮನ ಹೆಸರು ಬರೆಸಿ ಬನ್ನಿ.